ಕಲ್ಲು ಕೆಂಪಾದ ಮೇಲೆ ಊಟ

ನಮ್ಮ ಮನೆಯಲ್ಲಿ ಸಂಜೆಯ ಊಟಕ್ಕೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಕಲ್ಲು ಕೆಂಪಾಯಿತಾ ಅಂತ ನೋಡುತ್ತಿದ್ದರು. ನಾನು ಒಲೆ ಆರಿಸಿ, ಕೈ ತೊಳೆದು ಒರೆಸಿಕೊಂಡು, ಅಡುಗೆಮನೆಯ ಬಲ್ಬಿನ ಕೆಳಗೆ ಬಲಗೈ ಚಾಚುತ್ತಿದ್ದೆ. ಮೊಮ್ಮಗಳು ಸ್ಟೂಲು ಹತ್ತಿ ನಿಂತು ನನ್ನ ಉಂಗುರಕ್ಕೆ ಮೂಗು ತಾಗುವಷ್ಟು ಬಗ್ಗುತ್ತಿದ್ದಳು. ಹಗಲೆಲ್ಲ ಎಳೆ ಸೊಪ್ಪಿನ ಹಾಗೆ ಹಸಿರಾಗಿರುತ್ತಿದ್ದ ಕಲ್ಲು ಬಲ್ಬಿನ ಕೆಳಗೆ ಬಂದ ಕೂಡಲೇ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗುತ್ತಿತ್ತು. "ಕೆಂಪಾಯಿತು" ಅಂತ ಅವಳು ಮನೆಗೆಲ್ಲ ಕೇಳುವ ಹಾಗೆ ಕೂಗಿದ ಮೇಲೆ ತಟ್ಟೆ ಹಾಕುವುದು. ಅವಳಿಗಿನ್ನೂ ಆರು ವರ್ಷ. ಈ ಕೂಗಿನ ದೆಸೆಯಿಂದಲೇ ಅವಳಿಗೆ ಗಂಟೆ ಅಂತ ಹೆಸರು ಬಿತ್ತು. ನಮ್ಮವರು ಮೂವತ್ತು ವರ್ಷ ಬಸ್ಸು ಓಡಿಸಿದವರು. "ಗಂಟೆ ಹೊಡೀತು, ಇನ್ನು ಹೊರಡಬೇಕಪ್ಪ" ಎಂದು ಪೇಪರು ಮಡಚಿ ಏಳುತ್ತಿದ್ದರು.

ಆ ಉಂಗುರ ನನಗೆ ಪುಕ್ಕಟೆ ಬಂದದ್ದಲ್ಲ. ನಾನು ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುತ್ತಿದ್ದವಳು. ಒಬ್ಬ ಮುದುಕಿಯನ್ನು ಹನ್ನೊಂದು ವರ್ಷ ಎತ್ತಿ ಇಳಿಸಿ, ತಿನ್ನಿಸಿ ತೊಳೆಸಿ ನೋಡಿಕೊಂಡೆ. ಕಣ್ಣು ಮುಚ್ಚುವ ವಾರ ಮೊದಲು ಆಕೆ ಡಾಕ್ಟರ ಎದುರಿಗೇ ತನ್ನ ಬೆರಳಿನ ಉಂಗುರ ಬಿಚ್ಚಿ ನನ್ನ ಬೆರಳಿಗೆ ಹಾಕಿದಳು. "ಇದರ ಹೆಸರು ಅಲೆಕ್ಸಾಂಡ್ರೈಟ್. ಹಗಲು ಒಂದು ಬಣ್ಣ, ದೀಪಕ್ಕೆ ಒಂದು ಬಣ್ಣ. ಇಂಥದ್ದು ಹುಡುಕಿದರೂ ಸಿಗಲ್ಲ, ಯಾರಿಗೂ ಕೊಡಬೇಡ" ಅಂದಳು. ನಾನು ಯಾರಿಗೂ ಕೊಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಆ ಕಲ್ಲಿನ ಮೇಲೆ ಜೀವ. ಒಂದು ಉಂಗುರ ಹಾಕಿಕೊಂಡು ಎರಡು ಹಾಕಿಕೊಂಡ ಖುಷಿ. ಪಕ್ಕದ ಮನೆಯ ಟೈಲರಮ್ಮ ತನ್ನ ನೆಂಟರು ಬಂದಾಗಲೆಲ್ಲ ಅವರನ್ನು ಕರೆತಂದು, "ಅಕ್ಕ, ಸ್ವಲ್ಪ ಕೈ ತೋರಿಸಿ" ಅನ್ನುತ್ತಿದ್ದಳು. ನಾನು ಕಿಟಕಿಯ ಹತ್ತಿರ ಒಂದು ಸಲ, ಬಲ್ಬಿನ ಹತ್ತಿರ ಒಂದು ಸಲ ಕೈ ತೋರಿಸಿ ಚಹಾ ಕೊಟ್ಟು ಕಳಿಸುತ್ತಿದ್ದೆ. ಅದರ ಕಷ್ಟವೂ ಇಲ್ಲದಿಲ್ಲ. ಇನ್ನೊಂದರ ಜೊತೆ ಇಟ್ಟು ನೋಡೋಣ ಅಂದರೆ ಊರಲ್ಲಿ ಇನ್ನೊಂದಿಲ್ಲ. ಬಲ್ಲವರನ್ನು ಕೇಳೋಣ ಅಂದರೆ ಬಲ್ಲವರೂ ಇಲ್ಲ. ಇದು ಅದೇ ಕಲ್ಲು ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಗುರುತು ಒಂದೇ, ಸಂಜೆ ಕೆಂಪಾಗುವುದು.

ಈ ಸಲ ಚಳಿ ಶುರುವಾದಾಗ ನನ್ನ ಬೆರಳಿನ ಗೆಣ್ಣು ಊದಿಕೊಂಡಿತು. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ, ದಾರ ಸುತ್ತಿ ಎಳೆದೆ, ಉಂಗುರ ಜಪ್ಪಯ್ಯ ಅನ್ನಲಿಲ್ಲ. ಬೆರಳು ನೀಲಿಗಟ್ಟಿತು. ಕೊನೆಗೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಡವೆ ರಿಪೇರಿ ಮಾಡುವ ಮುದುಕನ ಹತ್ತಿರ ಹೋದೆ. ಅವನು ಸಣ್ಣ ಗರಗಸ ಹಿಡಿದು ಉಂಗುರದ ಚಿನ್ನದ ಸುತ್ತನ್ನು ಕತ್ತರಿಸಿ ತೆಗೆದ. "ತುಂಡು ಸೇರಿಸಿ ದೊಡ್ಡದು ಮಾಡಬೇಕು, ಕಲ್ಲು ಹಿಡಿದಿರೋ ಕೊಕ್ಕೆನೂ ಸವೆದಿದೆ. ಹನ್ನೆರಡು ದಿನ ಬಿಟ್ಟು ಬನ್ನಿ" ಎಂದ. ಹನ್ನೆರಡು ದಿನ ಬೋಳು ಬೆರಳು. ಗಂಟೆ ಮಾತ್ರ ದಿನವೂ ನನ್ನ ಬರಿಗೈ ನೋಡಿ, "ಕೆಂಪಾಯಿತು ಅಂದುಕೋ ಅಜ್ಜಿ" ಅಂತ ತಾನೇ ಸುಧಾರಿಸಿಕೊಳ್ಳುತ್ತಿದ್ದಳು.

ಅದೇ ಹನ್ನೆರಡು ದಿನದೊಳಗೆ ಮಗ ಮನೆಯ ದೀಪಗಳನ್ನೆಲ್ಲ ಬದಲಾಯಿಸಿದ. ಅವನು ಎಲೆಕ್ಟ್ರಿಷಿಯನ್. ಬಸ್ ನಿಲ್ದಾಣದ ಎದುರು ಒಂದು ಬಾಗಿಲಿನ ಅಂಗಡಿ ಇದೆ. ಬೀದಿಯವರ ಮನೆಗೆಲ್ಲ ಎಲ್‌ಇಡಿ ಹಾಕಿದ್ದವನಿಗೆ ಸ್ವಂತ ಮನೆಯಲ್ಲಿ ಹಳದಿ ಬಲ್ಬು ಉರಿಯುವುದು ಅವಮಾನವಾಗಿತ್ತು.

"ನೋಡಮ್ಮ, ಹೇಗಿದೆ ಬೆಳಕು?" ಎಂದ.

"ಆಪರೇಷನ್ ಮಾಡೋ ಕೋಣೆ ಇದ್ದ ಹಾಗಿದೆ" ಎಂದೆ.

"ಕರೆಂಟು ಹತ್ತರಲ್ಲಿ ಒಂದು ಪಾಲು ಸಾಕು ಇದಕ್ಕೆ. ಬೆಳಕು ಮಾತ್ರ ಡಬಲ್."

"ಡಬಲ್ ಅನ್ನೋದು ಕಾಣ್ತಿದೆಯಪ್ಪ" ಎಂದರು ನಮ್ಮವರು. "ನಿಮ್ಮಮ್ಮನ ಬಿಳಿ ಕೂದಲು ಒಂದೊಂದೂ ಎಣಿಸಬಹುದು."

ಬಿಚ್ಚಿದ ಹಳೆಯ ಬಲ್ಬುಗಳನ್ನು ಎಸೆಯಲು ಮಗ ಹೊರಟಿದ್ದ. ಚೆನ್ನಾಗಿ ಉರಿಯುವುದನ್ನು ಎಸೆಯುವುದು ನನಗೆ ಆಗದ ಮಾತು. ನಾನೇ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಅಟ್ಟಕ್ಕೆ ಏರಿಸಿದೆ. ನಾನೇ, ಈ ಕೈಯಾರೆ.

ಉಂಗುರವನ್ನು ರಿಪೇರಿ ಅಂಗಡಿಯಿಂದ ತಂದವಳು ಸೊಸೆ. ಅವಳು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ತೊಳೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬರುವಾಗ ಉಗುರುಗಳ ಸಂದಿಯಲ್ಲಿ ಆ ದಿನದ ಬಣ್ಣ ಉಳಿದಿರುತ್ತಿತ್ತು. "ಇವತ್ತೇನು, ನೀಲಿಯಾ?" ಅಂತ ನಾನು ದಿನವೂ ಕೇಳುವುದು, "ನೀಲಿನೇ ಅತ್ತೆ, ಇನ್ನೂ ಒಂದು ವಾರ ನೀಲಿನೇ" ಅಂತ ಅವಳು ನಗುವುದು, ಇದು ನಮ್ಮಿಬ್ಬರ ನಡುವೆ ಇದ್ದ ಆಟ. ಒಳ್ಳೆಯವಳು, ಚುರುಕು. ಮದುವೆಯಾದ ಎಂಟು ವರ್ಷದಲ್ಲಿ ನನಗೆ ಎದುರು ಮಾತಾಡಿದ್ದು ಬೆರಳಲ್ಲಿ ಎಣಿಸುವಷ್ಟು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ, ಹೇಳಬೇಕಾಗಿದ್ದಾಗ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಉಂಗುರ ಇಸಿದುಕೊಂಡಿದ್ದಳು. ಆ ದಿನ ಎರಡು ಪಾಳಿ ಕೆಲಸ ಬಿತ್ತು. ಮುಗಿಸಿ ಹೊರಡುವಷ್ಟರಲ್ಲಿ ಚೀಲ ಇಡುವ ಕೋಣೆಗೆ ಬೀಗ ಬಿದ್ದಿತ್ತು. ಉಂಗುರ ಆ ಕೋಣೆಯೊಳಗೆ ಅವಳ ಬೀರುವಿನಲ್ಲೇ ಉಳಿಯಿತು. ಮರುದಿನ ಸಂಜೆ ತಂದು ನನ್ನ ಕೈಗೆ ಕೊಟ್ಟಳು. ಉಂಗುರ ಸಲೀಸಾಗಿ ಬೆರಳಿಗೆ ಹತ್ತಿತು. ಗಂಟೆ ಆಗಲೇ ಸ್ಟೂಲು ಎಳೆದುಕೊಂಡು ಬಂದಿದ್ದಳು. ನಾನು ಹೊಸ ದೀಪದ ಕೆಳಗೆ ಕೈ ಚಾಚಿದೆ.

ಗಂಟೆ ನೋಡಿದಳು. ಬಗ್ಗಿದಳು. ನನ್ನ ಕೈಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಅಜ್ಜಿ, ಇದು ಹಸಿರೇ ಇದೆ."

"ಸರಿಯಾಗಿ ನೋಡೇ."

"ಹಸಿರೇ."

ನಾನು ನೋಡಿದೆ. ಹಗಲಿನ ಹಸಿರೇ, ಸ್ವಲ್ಪ ಬೂದಿ ಬಣ್ಣ ಕಲಸಿದ ಹಾಗೆ. ಕೆಂಪು ಅನ್ನುವುದು ಹೆಸರಿಗೂ ಇಲ್ಲ. ಹಜಾರಕ್ಕೆ ಓಡಿ ಅಲ್ಲಿನ ದೀಪಕ್ಕೆ ಹಿಡಿದೆ, ಬಚ್ಚಲಿನ ದೀಪಕ್ಕೆ ಹಿಡಿದೆ, ಮಗನ ಮೊಬೈಲಿನ ಟಾರ್ಚಿಗೆ ಹಿಡಿದೆ. ಎಲ್ಲಿ ಹಿಡಿದರೂ ಹಸಿರು.

"ಯಾರೋ ಕಲ್ಲು ಬದಲಾಯಿಸಿದಾರೆ" ಎಂದೆ.

ನಮ್ಮವರು, "ಹೊಸ ದೀಪಕ್ಕೇನಾದರೂ ಹಾಗೆ ಕಾಣುತ್ತಾ ಏನೋ" ಅಂತ ಗೊಣಗಿದರು.

ಮಗನಿಗೆ ಅದು ಚುಚ್ಚಿತು. "ಏನಪ್ಪ ನೀನು? ಬೆಳಕು ಜಾಸ್ತಿಯಾದರೆ ಬಣ್ಣ ಇನ್ನೂ ಚೆನ್ನಾಗಿ ಕಾಣಬೇಕು. ಮಂಕು ಬೆಳಕಲ್ಲೇ ಕೆಂಪಾಗ್ತಿದ್ದದ್ದು ಈ ಬೆಳಕಲ್ಲಿ ಆಗಲ್ವಾ? ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ" ಎಂದ. ಎಲೆಕ್ಟ್ರಿಷಿಯನ್ನೇ ಹಾಗಂದ ಮೇಲೆ ಇನ್ನೇನು? ದೀಪದ ಮಾತು ಅಲ್ಲಿಗೆ ಮುಗಿಯಿತು. ಬೇರೆ ಯಾರ ಮನೆಯಲ್ಲಾಗಿದ್ದರೂ ಅರ್ಧ ಗಂಟೆಯಾದರೂ ತಲೆ ಕೆರೆದುಕೊಳ್ಳುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಬಲ್ಲವನು ಇದ್ದ.

ನಾನು ಸೊಸೆಯ ಕಡೆ ತಿರುಗಿದೆ. "ನಿನ್ನೆ ಮಧ್ಯಾಹ್ನ ಇಸಿದುಕೊಂಡೆ. ಇವತ್ತು ಸಂಜೆ ಕೊಡ್ತಿದೀಯ. ಅಲ್ಲಿವರೆಗೆ ಎಲ್ಲಿತ್ತು?"

"ಹೇಳಿದೆನಲ್ಲ ಅತ್ತೆ, ನನ್ನ ಬೀರುವಿನಲ್ಲಿ."

"ಬೀಗದ ಕೈ ಯಾರ ಹತ್ತಿರ ಇತ್ತು?"

"ನನ್ನ ಹತ್ತಿರ."

"ಮತ್ತೆ?"

ಅವಳು ನನ್ನ ಮುಖ ನೋಡಿದಳು. ಆ "ಮತ್ತೆ" ಅನ್ನುವುದರ ಅರ್ಥ ಅವಳಿಗೆ ಆಗ ಆಯಿತು ಅಂತ ಕಾಣುತ್ತದೆ. ತಟ್ಟೆ ಹಾಕಲು ಹೋದಳು. ಗಂಟೆ ಮಾತ್ರ ಸ್ಟೂಲಿನಿಂದ ಇಳಿಯಲಿಲ್ಲ. ಕಲ್ಲು ಕೆಂಪಾಗದೆ ಊಟ ಹೇಗೆ ಅಂತ ಅವಳ ಸಮಸ್ಯೆ. ಆ ಸಂಜೆ ಅವಳಿಗೆ ಎರಡು ತುತ್ತು ತಿನ್ನಿಸುವಷ್ಟರಲ್ಲಿ ಸಾಕುಬೇಕಾಯಿತು.

ಸೋಮವಾರ ಬೆಳಗ್ಗೆ ರಿಪೇರಿ ಮುದುಕನ ಅಂಗಡಿಗೆ ಹೋಗಿ ಗಲಾಟೆ ಮಾಡಿದೆ. ನನ್ನದು ಜೋರು ಬಾಯಿ ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಓಣಿಯ ನಾಲ್ಕು ಜನ ಬಂದು ನಿಂತರು. ಮುದುಕ ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡ.

"ತಾಯಿ, ಇದೇ ಕಲ್ಲು. ನಾನು ಕೂರಿಸಿದ ಕೊಕ್ಕೆ ನನಗೆ ಗೊತ್ತಾಗಲ್ವಾ? ಸಂಜೆ ದೀಪ ಹಾಕಿದ ಮೇಲೆ ಬನ್ನಿ, ಇಲ್ಲೇ ಕೂತು ಇಬ್ಬರೂ ನೋಡೋಣ."

"ಸಂಜೆಗೆ ಇನ್ನೊಂದು ಸಲ ಬದಲಾಯಿಸೋಕಾ?"

ಅವನ ಕೈಯಲ್ಲಿದ್ದ ಚಿಮಟಿ ನಿಂತುಹೋಯಿತು. "ನಲವತ್ತು ವರ್ಷದಿಂದ ಇಲ್ಲಿ ಕೂತಿದೀನಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕೆಲಸಕ್ಕೆ ಕುಳಿತ. ಅವನ ತಲೆಯ ಮೇಲೆ ತಂತಿಗೆ ಒಂದು ಹಳದಿ ಬಲ್ಬು ನೇತಾಡುತ್ತಿತ್ತು. ಹಗಲಾದ್ದರಿಂದ ಹಾಕಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಲ್ಲಿಂದ ಮಗನ ಜೊತೆ ದೊಡ್ಡ ಒಡವೆ ಅಂಗಡಿಗೆ ಹೋದೆ. ಗಾಜು, ತಂಪು ಗಾಳಿ, ಕಣ್ಣು ಕುಕ್ಕುವ ಬಿಳಿ ದೀಪ. ಟೈ ಕಟ್ಟಿಕೊಂಡ ಮಾರಾಟದವನು ಉಂಗುರವನ್ನು ದೀಪಕ್ಕೆ ಹಿಡಿದ, ಭೂತಗನ್ನಡಿಯಲ್ಲಿ ನೋಡಿದ.

"ಯಾವ ಕಲ್ಲು ಅಂತ ಕೊಟ್ಟಿದ್ದರು?"

ನಾನು ಹೆಸರು ಹೇಳಿದೆ. ಅವನು ಅಯ್ಯೋ ಪಾಪ ಅನ್ನುವ ಹಾಗೆ ನಕ್ಕ.

"ಅಮ್ಮ, ಅದು ಸಾವಿರದಲ್ಲಿ ಒಂದು. ಆ ಹೆಸರಲ್ಲಿ ಬರೋದೆಲ್ಲ ಕಾರ್ಖಾನೆಯಲ್ಲಿ ಬೆಳೆಸಿದ್ದು, ಇಲ್ಲ ಬೇರೆ ಯಾವುದೋ ಅಗ್ಗದ ಕಲ್ಲು. ದೊಡ್ಡ ಪ್ರಯೋಗಾಲಯಕ್ಕೆ ಕಳಿಸದೆ ಯಾರೂ ಖಚಿತ ಹೇಳಲ್ಲ. ಆದರೆ ಒಂದು ಮಾತು, ಅದಾಗಿದ್ದರೆ ದೀಪಕ್ಕೆ ಕೆಂಪಾಗಬೇಕು. ಇದು ಆಗ್ತಿಲ್ಲ, ನೋಡಿ."

ಅಷ್ಟು ಸಾಕಾಯಿತು ನನಗೆ. ಮುದುಕ ತಾನಲ್ಲ ಅನ್ನುತ್ತಾನೆ. ಕಲ್ಲು ಬದಲಾಗಿದೆ. ನಡುವೆ ಒಂದು ಹಗಲು, ಒಂದು ರಾತ್ರಿ ಇಟ್ಟುಕೊಂಡವಳು ಒಬ್ಬಳೇ.

ಮನೆಗೆ ಬಂದು ಉಂಗುರವನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಂಟು ವರ್ಷದಿಂದ ಬೀಗವೇ ಕಾಣದ ಬೀರು ಅದು. ಸೊಸೆ ಬಟ್ಟೆ ಮಡಚುತ್ತಾ ಅದನ್ನು ನೋಡಿದಳು. ಆಮೇಲೆ ಅವಳು ಮಾಡಿಟ್ಟ ಚಹಾ ನಾನು ಕುಡಿಯಲಿಲ್ಲ. ನನ್ನ ಅನ್ನ ನಾನೇ ಬೇರೆ ಪಾತ್ರೆಯಲ್ಲಿ ಮಾಡಿಕೊಂಡೆ. ಮೂರನೇ ದಿನದಿಂದ ಅವಳೂ ಕಾರ್ಖಾನೆಯ ಕ್ಯಾಂಟೀನಿನಲ್ಲೇ ಊಟ ಮುಗಿಸಿ ಬರತೊಡಗಿದಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆ ತಿಕ್ಕಿ, ಒಂದು ಲೋಟ ನೀರು ಕುಡಿದು ಕೋಣೆಗೆ ಹೋಗುತ್ತಿದ್ದಳು.

"ಎಲ್ಲಿಟ್ಟಿದೀಯ ಹೇಳಿಬಿಡು. ಯಾರಿಗೆ ಕೊಟ್ಟಿದ್ದರೂ ವಾಪಸು ತಂದರೆ ಮಾತು ಇಲ್ಲಿಗೇ ಮುಗಿಯುತ್ತೆ" ಎಂದೆ ಒಂದು ದಿನ.

"ನಾನು ತೆಗೆದಿಲ್ಲ ಅತ್ತೆ."

"ಹಾಗಾದರೆ ತಾನಾಗಿ ಬದಲಾಯಿತಾ?"

"ನನಗೆ ಗೊತ್ತಿಲ್ಲ. ತೆಗೆದಿಲ್ಲ ಅನ್ನೋದು ಗೊತ್ತು."

ಅವಳು ಗಂಡನ ಕಡೆ ನೋಡಿದಳು. "ನೀವೇನಂತೀರಿ?" ಅಂತ ನನ್ನೆದುರೇ ಕೇಳಿದಳು.

ಮಗ ವೈರಿನ ಸುರುಳಿ ಬಿಚ್ಚುತ್ತಾ ಕುಳಿತಿದ್ದ. "ಅಮ್ಮ ಸುಮ್ಮನೆ ಹೇಳೋಳಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಏನಾದರೂ ದುಡ್ಡಿನ ಅವಸರ ಬಿದ್ದಿದ್ದರೆ ನನಗೆ ಹೇಳು, ನಾನು ಸರಿಮಾಡ್ತೀನಿ" ಎಂದ. ಹೆಂಡತಿಯ ಪರವಾಗಿ ಮಾತಾಡಿದೆ ಅಂತಲೇ ಅವನ ಭಾವನೆ. ಅವಳು ಒಳಗೆ ಹೋದಳು.

ನಮ್ಮವರು ಆ ಸಂಜೆ ನನ್ನನ್ನು ಹಿತ್ತಿಲ ಕಟ್ಟೆಗೆ ಕರೆದರು. ಅವರು ಹಾಗೆ ಕರೆಯುವವರೇ ಅಲ್ಲ.

"ಆ ಮುದುಕಿ ಹೋದ ದಿನ ಅವರ ಮನೆಯವರು ನಿನ್ನ ಚೀಲ ತೆರೆಸಿದ್ದು ಮರೆತುಹೋಯಿತಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ. ನೆನಪಾಯಿತು, ಕೇಳಿದೆ."

ಮರೆಯುವುದುಂಟೇ? ಮುದುಕಿಯ ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಚೀಲವನ್ನು ಬೆಂಚಿನ ಮೇಲಿಟ್ಟು, ನನ್ನ ಎರಡು ಜೊತೆ ಬಟ್ಟೆ, ಬಾಚಣಿಗೆ, ಟವೆಲು ಒಂದೊಂದಾಗಿ ತೆಗೆದು ತೋರಿಸಿದೆ. ಅಡುಗೆಯವಳು, ತೋಟದವನು ಎಲ್ಲರೂ ನೋಡುತ್ತಿದ್ದರು. ನನ್ನ ಒಳಬಟ್ಟೆಯನ್ನೂ ಕೊಡವಿ ನೋಡಿದಳು. ಬೆರಳಲ್ಲಿದ್ದ ಉಂಗುರಕ್ಕೆ ಡಾಕ್ಟರು ಬಂದು ಸಾಕ್ಷಿ ಹೇಳುವವರೆಗೆ ನಾನು ಕಳ್ಳಿಯಾಗಿಯೇ ಆ ಬೆಂಚಿನ ಹತ್ತಿರ ನಿಂತಿದ್ದೆ. ಇದು ನಮ್ಮವರೊಬ್ಬರಿಗೆ ಗೊತ್ತು. ಮಗನಿಗೂ ಹೇಳಿರಲಿಲ್ಲ. ಆಮೇಲೆ ಇಷ್ಟು ವರ್ಷ ದಿನವೂ ಸಂಜೆ ಕಲ್ಲು ಕೆಂಪಾದಾಗ ನನ್ನ ಮನಸ್ಸಿಗೆ ಒಂದು ಸಮಾಧಾನ ಆಗುತ್ತಿತ್ತು, ನಾನು ಕದ್ದವಳಲ್ಲ, ಕೊಟ್ಟದ್ದನ್ನು ತಂದವಳು ಅಂತ. ಅದನ್ನು ಯಾರೋ ಕಿತ್ತುಕೊಂಡರಲ್ಲ ಅನ್ನುವ ಉರಿಯಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ಮುಂದಿನ ವಾರ ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಚೀಲವನ್ನೂ ಇಡದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ಕಳೆ ಇತ್ತು. ಓಡಿಕೊಂಡು ಬಂದ ಹಾಗೆ ಏದುಸಿರು.

"ಅತ್ತೆ, ಇವತ್ತು ನನ್ನನ್ನ ಬಣ್ಣ ಹೊಂದಿಸೋ ರೂಮಿಗೆ ಹಾಕಿದರು. ಅಲ್ಲಿ ಒಂದು ಪೆಟ್ಟಿಗೆ ಇದೆ ಅತ್ತೆ, ಅದರೊಳಗೆ ಬಣ್ಣ ನೋಡೋಕೆ..."

"ಬಣ್ಣದ ಮಾತು ಈ ಮನೆಯಲ್ಲಿ ಎತ್ತಬೇಡ" ಎಂದೆ. "ನಿನ್ನ ಬಣ್ಣ ಏನು ಅಂತ ನೋಡಿದ್ದಾಗಿದೆ."

ಅವಳು ನನ್ನನ್ನು ನೋಡಲಿಲ್ಲ, ತಲೆಯೆತ್ತಿ ಚಾವಣಿಯ ದೀಪವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮುಖ ತಪ್ಪಿಸುತ್ತಿದ್ದಾಳೆ, ಕಳ್ಳತನ ಕಣ್ಣಲ್ಲೇ ಕಾಣುತ್ತಿದೆ ಅಂದುಕೊಂಡೆ ನಾನು. ಅವಳು ತಿರುಗಿ ಹೋಗಿ, ಕೈಕಾಲು ತೊಳೆದು ಬಂದು, ಈರುಳ್ಳಿ ಹೆಚ್ಚಲು ಕುಳಿತಳು.

ಅದಾದ ಮೇಲೆ ಮೂರು ವಾರ ಅವಳು ಆ ಉಂಗುರದ ಬಗ್ಗೆ ಚಕಾರ ಎತ್ತಲಿಲ್ಲ. ನಾನು ಚುಚ್ಚಿ ಮಾತಾಡಿದರೆ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದಳು. ಮೊದಲಾದರೂ ಅಳುತ್ತಿದ್ದಳು, ಈಗ ಅದೂ ಇಲ್ಲ. ಒಂದೊಂದು ಸಲ ಕೆಲಸ ಮಾಡುತ್ತಾ ಮಾಡುತ್ತಾ ನಿಂತು, ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ನಾವು ಏನೋ ಹೇಳುತ್ತೇವೆ ಅಂತ ಕಾಯುವ ಹಾಗೆ. ಟೈಲರಮ್ಮ ಬಂದು, "ಅಕ್ಕ, ಉಂಗುರ ಎಲ್ಲಿ?" ಅಂತ ಕೇಳಿದಾಗ, "ನನ್ನ ಸೊಸೆಯನ್ನ ಕೇಳು" ಎಂದೆ. ಅದು ಅವಳಿಗೆ ಕೇಳಿಸಲಿ ಅಂತಲೇ ಅಂದದ್ದು. ಕೇಳಿಸಿತು. ಕೈಯಲ್ಲಿದ್ದ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಹೋದಳು.

ಒಂದು ಶನಿವಾರ ಸಂಜೆ, ಎಲ್ಲರೂ ಮನೆಯಲ್ಲಿದ್ದೆವು. ಅಡುಗೆ ಆಗಿತ್ತು. ಸೊಸೆ ಅಟ್ಟಕ್ಕೆ ಏಣಿ ಹಾಕಿದಳು. ಹತ್ತಿ, ಧೂಳು ಹಿಡಿದ ರಟ್ಟಿನ ಡಬ್ಬಿ ಇಳಿಸಿದಳು. ನಾನು ಸುತ್ತಿಟ್ಟಿದ್ದ ಪೇಪರು ಬಿಚ್ಚಿ ಒಂದು ಹಳೆಯ ಬಲ್ಬು ತೆಗೆದು ಒರೆಸಿದಳು.

"ಏನು ಮಾಡ್ತಿದೀಯ?" ಎಂದ ಮಗ.

"ಸ್ವಿಚ್ ಆರಿಸಿ" ಎಂದಳು.

ಅವಳ ದನಿಯಲ್ಲಿ ಏನಿತ್ತೋ, ಅವನು ಆರಿಸಿದ. ಅವಳು ಏಣಿಯನ್ನು ಅಡುಗೆಮನೆಗೆ ತಂದು, ಹೊಸದನ್ನು ಬಿಚ್ಚಿ ಹಳೆಯದನ್ನು ಹೋಲ್ಡರಿಗೆ ಹಾಕಿದಳು. ದೀಪ ಹತ್ತಿತು. ಅಡುಗೆಮನೆ ಮತ್ತೆ ನಮ್ಮ ಹಳದಿ ಅಡುಗೆಮನೆಯಾಯಿತು.

"ಅತ್ತೆ, ಉಂಗುರ ತನ್ನಿ."

"ಯಾಕೆ?"

"ಕೀ ನಿಮ್ಮ ಹತ್ತಿರವೇ ಇದೆ. ನೀವೇ ಹೋಗಿ, ನೀವೇ ತನ್ನಿ. ನಾನು ಮುಟ್ಟಲ್ಲ."

ನಾನು ಗೊಣಗುತ್ತಲೇ ಬೀರು ತೆಗೆದು ಉಂಗುರ ಹಾಕಿಕೊಂಡು ಬಂದೆ. ಗಂಟೆಗೆ ಯಾರೂ ಹೇಳಿರಲಿಲ್ಲ, ಅವಳು ಸ್ಟೂಲು ತಂದು ಹತ್ತಿ ನಿಂತಿದ್ದಳು. ನಾನು ಕೈ ಚಾಚಿದೆ.

"ಕೆಂಪಾಯಿತು" ಎಂದಳು ಗಂಟೆ. ಅವಳು ಕೂಗಲಿಲ್ಲ, ಮೆಲ್ಲಗೆ ಹೇಳಿದಳು.

ಕೆಂಪಾಗಿತ್ತು. ಅದೇ ದಾಳಿಂಬೆ ಕೆಂಪು, ಮೂಲೆಯಲ್ಲಿ ನನಗೆ ಮಾತ್ರ ಗೊತ್ತಿದ್ದ ಅದೇ ಕೂದಲೆಳೆಯ ಗೆರೆ. ಕೈಯನ್ನು ಇನ್ನೊಮ್ಮೆ, ಮತ್ತೊಮ್ಮೆ ತಿರುಗಿಸಿ ನೋಡಿದೆ.

"ಹಳೇ ಬಲ್ಬಿನ ಬೆಳಕಲ್ಲಿ ಕೆಂಪು ಜಾಸ್ತಿ ಇರುತ್ತೆ" ಎಂದಳು ಸೊಸೆ, ಪಾಠ ಒಪ್ಪಿಸುವ ಹಾಗೆ. "ಈ ಬಿಳಿ ದೀಪದಲ್ಲಿ ಕಮ್ಮಿ. ಬಟ್ಟೆಗೂ ಹೀಗೇ. ಅದಕ್ಕೇ ನಮ್ಮಲ್ಲಿ ಪೆಟ್ಟಿಗೆಯೊಳಗೆ ಮೂರು ಥರದ ದೀಪ ಇಟ್ಟು, ಒಂದೊಂದರಲ್ಲೂ ಬಣ್ಣ ನೋಡ್ತಾರೆ."

ಮಗ ತಾನು ಹಾಕಿದ್ದ ದೀಪವನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ನನ್ನ ದೀಪದಿಂದಾನಾ?" ಎಂದ. ಮತ್ತೆ ಅದನ್ನೇ ಹೇಳಿದ. ಹದಿನೈದು ವರ್ಷದ ಎಲೆಕ್ಟ್ರಿಷಿಯನ್ ಮಗುವಿನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ನಿನಗೆ ಯಾವಾಗ ಗೊತ್ತಾಯಿತು?" ಎಂದೆ.

"ಆ ರೂಮಿಗೆ ಹಾಕಿದ ದಿನವೇ. ಮೇಸ್ತ್ರಿ ಒಂದೇ ಬಟ್ಟೆಯನ್ನ ಎರಡು ದೀಪದಲ್ಲಿ ತೋರಿಸಿದರು. ನಾನು ದಾರಿಯುದ್ದಕ್ಕೂ ಓಡಿಕೊಂಡು ಬಂದೆ ಅತ್ತೆ, ನಿಮಗೆ ಹೇಳೋಕೆ."

"ಆಮೇಲಾದರೂ ಹೇಳಬಹುದಿತ್ತಲ್ಲ. ಮೂರು ವಾರ..." ಎಂದರು ನಮ್ಮವರು.

"ಹೇಳಬಹುದಿತ್ತು ಮಾವ. ಹೇಳಿದ್ದರೆ ಎಲ್ಲರೂ ಕಲ್ಲನ್ನ ನಂಬುತ್ತಿದ್ದಿರಿ. ನನ್ನನ್ನ ಯಾರಾದರೂ ನಂಬ್ತೀರಾ ಅಂತ ನೋಡಿದೆ. ಕಲ್ಲು ಏನಾದರೂ ಆಗಲಿ, ನೀನು ಅಂಥ ಕೆಲಸ ಮಾಡೋಳಲ್ಲ ಅಂತ ಒಬ್ಬರು, ಒಂದು ಸಲ ಹೇಳಿದ್ದರೆ ಆ ನಿಮಿಷವೇ ಏಣಿ ಹಾಕ್ತಿದ್ದೆ."

"ನನಗೆ ಅನ್ನಿಸಿತ್ತಮ್ಮ, ನೀನಲ್ಲ ಅಂತ" ಎಂದರು ನಮ್ಮವರು.

"ಅನ್ನಿಸಿದ್ದು ನನಗೆ ಕೇಳಿಸಲಿಲ್ಲ ಮಾವ."

ನಮ್ಮವರು ತಲೆ ತಗ್ಗಿಸಿದರು.

ಉಂಗುರ ಬಿಚ್ಚಿ ಅವಳ ಕಡೆ ಚಾಚಿದೆ. "ಇದು ನಿನಗೇ. ಇವತ್ತಿನಿಂದ ನಿನ್ನದೇ. ನಾನು ತಪ್ಪು ಮಾಡಿದೆ ತಾಯಿ" ಎಂದೆ. ತಪ್ಪು ಎಂದು ಸೊಸೆಯ ಹತ್ತಿರ ಒಪ್ಪಿಕೊಂಡದ್ದು ಅದೇ ಮೊದಲು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆಗ ನೋಡಿದೆ, ಅವಳ ಉಗುರುಗಳು ಬೆಳ್ಳಗಿದ್ದವು. ತೊಳೆಯುವ ಕೆಲಸ ಬಿಟ್ಟು ಮೂರು ವಾರವಾಗಿತ್ತು, ನಾನು ಇವತ್ತು ಯಾವ ಬಣ್ಣ ಅಂತ ಕೇಳುವುದು ಬಿಟ್ಟು ಅದಕ್ಕೂ ಹೆಚ್ಚು ದಿನ.

"ಬೇಡ ಅತ್ತೆ. ನಾಳೆ ಇನ್ನೆಲ್ಲೋ ಇನ್ಯಾವುದೋ ದೀಪಕ್ಕೆ ಅದು ಕೆಂಪಾಗದೇ ಹೋದರೆ ಮತ್ತೆ ನಾನೇ ಉತ್ತರ ಹೇಳಬೇಕು. ನನ್ನ ಕೈಲಾಗಲ್ಲ." ಆಮೇಲೆ ಗಂಡನ ಕಡೆ ತಿರುಗಿ, "ಕಾರ್ಖಾನೆಯ ಹತ್ತಿರ ಒಂದು ರೂಮು ನೋಡಿದೀನಿ. ನಾಳೆ ನಾನು, ಮಗು ಹೋಗ್ತೀವಿ. ನಿಮಗೆ ಬರಬೇಕು ಅನ್ನಿಸಿದರೆ ಬನ್ನಿ" ಎಂದಳು. ದನಿ ಏರಿರಲಿಲ್ಲ. ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಎಲ್ಲರಿಗೂ ಬಡಿಸಿದಳು. ತಾನು ಒಂದು ಲೋಟ ನೀರು ಕುಡಿದಳು.

ಬೆಳಗ್ಗೆ ಟೈಲರಮ್ಮನನ್ನು ಕರೆದು, ರಿಪೇರಿ ಮುದುಕನಿಗೆ ಹೇಳಿ ಕಳಿಸಿ, ಊರಿಗೆಲ್ಲ ಕೇಳುವ ಹಾಗೆ ತಪ್ಪು ನನ್ನದು ಅಂತ ಸಾರಬೇಕು, ಅವಳು ಹೊರಡುವುದರೊಳಗೆ ಏನಾದರೂ ಮಾಡಬೇಕು ಅಂತ ಯೋಚಿಸುತ್ತಾ ಬೆಳಗು ಮಾಡಿದೆ. ಎದ್ದು ಬರುವಷ್ಟರಲ್ಲಿ ಅವಳು ಸಿದ್ಧಳಾಗಿದ್ದಳು. ಮಗ ಗಂಟೆಯ ಶಾಲೆಯ ಚೀಲ ಹಿಡಿದು ಹೊಸಿಲ ಹೊರಗೆ ನಿಂತಿದ್ದ. ಜೊತೆಗೇ ಹೋಗುತ್ತಾನೋ, ಬಸ್ಸು ಹತ್ತಿಸಿ ಬರುತ್ತಾನೋ, ಅದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಗಂಟೆ, "ಅಜ್ಜಿ, ಅಲ್ಲಿ ಯಾರು 'ಕೆಂಪಾಯಿತು' ಅನ್ನೋದು?" ಎಂದು ಕೇಳಿದಳು. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡೆ.

ಸೊಸೆ ನನ್ನ ಹತ್ತಿರ ಬಂದಳು. ಏನೋ ಹೇಳುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳು ತನ್ನ ಚೀಲವನ್ನು ನನ್ನ ಮಂಚದ ಮೇಲಿಟ್ಟು, ಜಿಪ್ಪು ಎಳೆದು, ಬಾಯಿ ಅಗಲಿಸಿ ಹಿಡಿದಳು.

"ನೋಡಿಕೊಳ್ಳಿ ಅತ್ತೆ" ಎಂದಳು. "ಆಮೇಲೆ ಮಾತು ಬೇಡ."

ಆ ಬೆಂಚು, ಆ ಬಾಚಣಿಗೆ, ಮುದುಕಿಯ ಮಗಳು ಬಾಗಿಲಿಗೆ ಅಡ್ಡ ನಿಂತ ರೀತಿ. ಸೊಸೆಗೆ ನಾನು ಅದನ್ನು ಯಾವತ್ತೂ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

"ಬೇಡ, ಮುಚ್ಚು, ದಮ್ಮಯ್ಯ, ಮುಚ್ಚು" ಎಂದೆ.

ಆದರೆ ನಾನು ಬೇಡ ಅನ್ನುವ ಮೊದಲೇ ನನ್ನ ಕಣ್ಣು ಚೀಲದೊಳಗೆ ಹೋಗಿ, ಬಟ್ಟೆಗಳ ಸಂದಿಯಲ್ಲೆಲ್ಲ ಹುಡುಕಿ ಬಂದಿತ್ತು. ಉಂಗುರ ನನ್ನ ಬೆರಳಲ್ಲೇ ಇತ್ತು, ಆದರೂ ಹುಡುಕಿ ಬಂದಿತ್ತು. ಅವಳು ಅದನ್ನು ನೋಡಿದಳು. ಜಿಪ್ಪು ಎಳೆದು ಚೀಲ ಹೆಗಲಿಗೆ ಹಾಕಿಕೊಂಡು, ಗಂಟೆಯ ಕೈ ಹಿಡಿದು ಹೊರಟಳು.